ಒಂಟೆ ಮೇಲೊಂದು ಸಂಜೆ, ಮರಳಿನಲ್ಲೊಂದು ರಾತ್ರಿ: ಮಲೆನಾಡಿನಿಂದ ಹೊರಡುವವರು ಯಾವ ಮರುಭೂಮಿ ಆರಿಸಬೇಕು?

ಅಡಿಕೆ ಕೊನೆ ತೆಗೆಯುವ ಗಡಿಬಿಡಿ ಶುರುವಾಗುವ ಮುಂಚೆ ಮೂರು ಮನೆಯವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ತೀರ್ಥಹಳ್ಳಿ ಕಡೆಯ ಒಬ್ಬ ತೋಟಗಾರ ಮತ್ತು ಅವರ ಹೆಂಡತಿ. ಶಿವಮೊಗ್ಗದ ಒಬ್ಬ ನಿವೃತ್ತ ಮೇಷ್ಟ್ರು, ಅವರ ಮನೆಯವರಿಗೆ ಮೊಣಕಾಲು ನೋವು. ಇನ್ನೊಬ್ಬ ಸಾಗರದ ಹುಡುಗ, ಈಚೆಗಷ್ಟೇ ಮದುವೆಯಾದವನು. ಎಲ್ಲರಿಗೂ ಒಂದೇ ಆಸೆ. ಒಂದು ರಾತ್ರಿ ಮರುಭೂಮಿಯಲ್ಲಿ ಮಲಗಬೇಕು, ಒಂಟೆ ಹತ್ತಬೇಕು. ಎಲ್ಲಿಗೆ ಹೋಗುವುದು?

ಮೂವರಿಗೂ ನಾನು ಒಂದೇ ಉತ್ತರ ಕೊಡಲಿಲ್ಲ. ಕೊಡಲು ಬರುವುದೂ ಇಲ್ಲ. ಯಾಕೆ ಅಂತ ಹೇಳಲು ನನ್ನದೇ ಅನುಭವ ಹೇಳಬೇಕು.

ಮೊದಲ ಸಲ ನಾನು ಜೈಸಲ್ಮೇರ್ ಹತ್ತಿರದ ಒಂದು ಕ್ಯಾಂಪನ್ನು ಬರೀ ಫೋಟೊ ನೋಡಿ ಬುಕ್ ಮಾಡಿದ್ದೆ. ಸಂಜೆ ಐದಕ್ಕೆ ಒಂಟೆ ಮೇಲೆ ಕೂರಿಸಿದರು. ಎದುರಿನ ದಿಬ್ಬದ ತುದಿ ಮುಟ್ಟಿಸಿ ವಾಪಸ್ ಕರೆತಂದರು. ಎಲ್ಲ ಸೇರಿ ಕಾಲು ಗಂಟೆ. ಆಮೇಲೆ ಹನ್ನೆರಡು ಗಂಟೆಯವರೆಗೆ ದೊಡ್ಡ ಸ್ಪೀಕರಿನಲ್ಲಿ ಸಿನಿಮಾ ಹಾಡು. ಪಕ್ಕದ ಕ್ಯಾಂಪಿನಲ್ಲೂ ಅದೇ, ಅದರ ಪಕ್ಕದಲ್ಲೂ ಅದೇ. ಆರು ತಿಂಗಳು ಮಳೆ, ಕಪ್ಪೆ, ಜೀರುಂಡೆಯ ಸದ್ದಿನಲ್ಲೇ ಮಲಗುವವರು ನಾವು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ಜೈಸಲ್ಮೇರಿನಲ್ಲಿ ಹೆಚ್ಚುಕಡಿಮೆ 200. ಆ ಒಣ ಊರಿನ ರಾತ್ರಿ ಹೇಗಿರುತ್ತದೆ ಅಂತ ಕೇಳಿಸಿಕೊಳ್ಳಲು ಅಷ್ಟು ದೂರ ಹೋಗಿದ್ದೆ. ಕೇಳದೇ ಬಂದೆ. ಎರಡು ವರ್ಷ ಬಿಟ್ಟು ಮತ್ತೆ ಹೋದೆ, ಬೇರೆ ಜಾಗಕ್ಕೆ. ಆಗ ಸಿಕ್ಕಿತು.

ಜಾಗ ನೋಡುವ ಮೊದಲು

ಅವತ್ತಿನಿಂದ ಯಾರು ಕೇಳಿದರೂ ನಾನು ಮೊದಲು ಇದನ್ನು ಕೇಳುತ್ತೇನೆ: ರಾತ್ರಿ ಹತ್ತರ ನಂತರ ನಿಮ್ಮ ಕಿವಿಗೆ ಏನು ಬೀಳಬೇಕು? ಹಾಡು, ಕುಣಿತ, ಜನರ ನಗು ಬೇಕಾದರೆ ಅದಕ್ಕೊಂದು ಜಾಗ ಇದೆ. ಏನೂ ಬೇಡ ಅನ್ನುವವರಿಗೆ ಇನ್ನೊಂದು ಜಾಗ. ಅರ್ಧಕ್ಕರ್ಧ ತೀರ್ಮಾನ ಇಲ್ಲೇ ಆಗಿಬಿಡುತ್ತದೆ.

ಎರಡನೆಯದು, ಒಂಟೆ ಮೇಲೆ ಎಷ್ಟು ಹೊತ್ತು. ‘ಒಂಟೆ ಸವಾರಿ ಸೇರಿದೆ’ ಅಂತ ಎಲ್ಲ ಪ್ಯಾಕೇಜಿನಲ್ಲೂ ಬರೆದಿರುತ್ತಾರೆ. ಅದು ಹದಿನೈದು ನಿಮಿಷವೂ ಇರಬಹುದು, ಎರಡೂವರೆ ಗಂಟೆಯೂ ಇರಬಹುದು. ಅಭ್ಯಾಸ ಇಲ್ಲದವರಿಗೆ ಒಂದು ಗಂಟೆ ಖುಷಿ, ಒಂದೂವರೆಗೆ ತೊಡೆ ಹಿಡಿದುಕೊಳ್ಳುತ್ತದೆ, ಎರಡು ದಾಟಿದರೆ ಮರುದಿನ ಮೆಟ್ಟಿಲು ಇಳಿಯುವುದು ಕಷ್ಟ. ಸೊಂಟ ನೋವು ಇರುವವರು, ಗರ್ಭಿಣಿಯರು ಹತ್ತಲೇಬೇಡಿ. ಅಂಥವರಿಗೆ ಒಂಟೆ ಗಾಡಿ ಇರುವ ಜಾಗ ಬೇಕು.

ಮೂರನೆಯದು ನಮಗೇ ವಿಶೇಷವಾದ ಕಷ್ಟ. ಮರುಭೂಮಿಗೆ ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರುವರಿ. ಕೊನೆ ತೆಗೆದು, ಸುಲಿದು, ಬೇಯಿಸಿ, ಒಣಗಿಸುವ ಕಾಲವೂ ಹೆಚ್ಚುಕಡಿಮೆ ಅದೇ. ತೋಟ ಇರುವವರಿಗೆ ಹಾಗಾಗಿ ಫೆಬ್ರುವರಿ ಒಂದೇ ದಾರಿ. ಮಾರ್ಚ್ ಮೊದಲ ವಾರದವರೆಗೆ ಎಳೆಯಬಹುದು, ಆಮೇಲೆ ಬಿಸಿಲು ಏರುತ್ತದೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ದಸರಾ ರಜೆ ಅಥವಾ ಕ್ರಿಸ್‌ಮಸ್ ವಾರ. ದಸರೆಯಲ್ಲಿ ಹಗಲು ಇನ್ನೂ ಸುಡುತ್ತದೆ, ಆದರೆ ಜನ ಕಡಿಮೆ, ರಾತ್ರಿ ಹಿತ. ಕ್ರಿಸ್‌ಮಸ್ ವಾರ ಹವೆ ಚೆಂದ, ಆದರೆ ದರ ಏರಿರುತ್ತದೆ, ಗಲಾಟೆ ಜಾಸ್ತಿ. ಎರಡರಲ್ಲಿ ನಾನಾದರೆ ದಸರೆಗೇ ಹೋಗುತ್ತೇನೆ. ಏಪ್ರಿಲ್, ಮೇ ರಜೆಯಲ್ಲಿ ಮಾತ್ರ ದಯವಿಟ್ಟು ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. 45 ಡಿಗ್ರಿ ಬಿಸಿಲು ಸಹಿಸುವ ಮೈ ನಮ್ಮದಲ್ಲ.

ನಾಲ್ಕನೆಯದು ಬಜೆಟ್. ಒಂದು ರಾತ್ರಿಯ ಕ್ಯಾಂಪ್ ಖರ್ಚಿಗಿಂತ ಹೋಗಿ ಬರುವ ಖರ್ಚೇ ದೊಡ್ಡದು. ಹಾಗಾಗಿ ಕ್ಯಾಂಪಿನಲ್ಲಿ ಐನೂರು ಉಳಿಸಲು ಹೋಗಿ ಇಡೀ ಪ್ರಯಾಣ ಕೆಡಿಸಿಕೊಳ್ಳಬೇಡಿ. ಹಾಗಂತ ಟೆಂಟಿನ ಒಳಗೆ ಎಸಿ, ಗೊಂಚಲು ದೀಪ ಇದೆ ಅಂತ ಮೂರು ಪಟ್ಟು ಕೊಡುವುದೂ ಬೇಡ. ಮರುಭೂಮಿ ಇರುವುದು ಟೆಂಟಿನ ಹೊರಗೆ ಅಲ್ವಾ?

ಸಮ್ ಮತ್ತು ಖುರಿ

ಎರಡೂ ಜೈಸಲ್ಮೇರಿನ ಹತ್ತಿರವೇ ಇವೆ. ಸಮ್ ಪಶ್ಚಿಮಕ್ಕೆ 40 ಕಿಲೋಮೀಟರಿನಷ್ಟು ದೂರ, ಖುರಿ ನೈಋತ್ಯಕ್ಕೆ ಸುಮಾರು 50. ಊರು ಒಂದೇ, ಮರಳೂ ಒಂದೇ, ರಾತ್ರಿ ಮಾತ್ರ ಪೂರ್ತಿ ಬೇರೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಥಾರ್ ಅಂದರೆ ಕಣ್ಣು ಹಾಯಿಸಿದಷ್ಟೂ ಮರಳು ಅಂತ ನಾವು ಅಂದುಕೊಂಡಿರುತ್ತೇವೆ. ಆ ಭಾಗದ ಡೆಸರ್ಟ್ ನ್ಯಾಷನಲ್ ಪಾರ್ಕಿನಲ್ಲೇ ಮರಳ ದಿಬ್ಬಗಳು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಕಲ್ಲುನೆಲ, ಕುರುಚಲು ಗಿಡ, ಎಕ್ಕ, ಅಲ್ಲಲ್ಲಿ ಖೇಜ್ಡಿ ಮರ. ಖೇಜ್ಡಿ ಅಂದರೆ ಶಮಿ, ನಮ್ಮ ಬನ್ನಿ. ಅದರ ಎಳೆ ಕಾಯನ್ನು ಒಣಗಿಸಿ ಮಾಡುವ ಕೇರ್ ಸಾಂಗ್ರಿ ಪಲ್ಯ ತಿಂದಾಗ ನನಗೆ ವಿಜಯದಶಮಿ ನೆನಪಾಯಿತು. ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಉಳಿದಿರುವ ಕೆಲವೇ ಜಾಗಗಳಲ್ಲಿ ಈ ಪಾರ್ಕೂ ಒಂದು. ದಿಬ್ಬಕ್ಕಿಂತ ಈ ಕುರುಚಲಿನ ನಡುವೆ ಒಂಟೆ ಮೇಲೆ ಹೋಗುವುದೇ ನನಗೆ ಜಾಸ್ತಿ ಇಷ್ಟವಾಯಿತು.

ಸಮ್‌ನಲ್ಲಿ ದಿಬ್ಬ ದೊಡ್ಡದು, ಸೂರ್ಯಾಸ್ತ ಬಹಳ ಚೆಂದ. ರಸ್ತೆ ಸೀದಾ ದಿಬ್ಬದ ಪಕ್ಕಕ್ಕೇ ಹೋಗುತ್ತದೆ, ವಯಸ್ಸಾದವರೂ ಸುಲಭವಾಗಿ ತಲುಪಬಹುದು. ಟೆಂಟಿಗೇ ಅಂಟಿಕೊಂಡ ಬಚ್ಚಲು, ಬಿಸಿನೀರು, ಊಟದಲ್ಲಿ ಆಯ್ಕೆ ಎಲ್ಲ ಇದೆ. ದಾರಿಯಲ್ಲಿ ಕುಲಧರಾ ನೋಡಬಹುದು. ಪಾಲಿವಾಲ್ ಬ್ರಾಹ್ಮಣರು ಬಿಟ್ಟುಹೋದ ಆ ಊರಿನ ಕಲ್ಲುಗೋಡೆಗಳ ನಡುವೆ ಒಂದು ಗಂಟೆ ಓಡಾಡಿ, ಮನಸ್ಸಿಗೆ ತಟ್ಟುತ್ತದೆ. ಸಂಜೆ ಮಾಂಗಣಿಯಾರ್ ಹಾಡುಗಾರರು ಬಂದರೆ ನಿಮ್ಮ ಅದೃಷ್ಟ. ಕಮಾಯಿಚಾ, ಖರ್ತಾಲ್ ಹಿಡಿದು ಅವರು ಹಾಡುವುದನ್ನು ಹತ್ತಿರ ಕೂತು ಕೇಳಬೇಕು. ಕಾಲ್ಬೇಲಿಯಾ ಕುಣಿತವೂ ಇರುತ್ತದೆ, 2010ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕಲೆ ಅದು. ಆದರೆ ಇದೆಲ್ಲ ಮುಗಿದ ಮೇಲೆ ಸ್ಪೀಕರ್ ಶುರುವಾಗುವ ಕ್ಯಾಂಪುಗಳೂ ಇವೆ. ಕ್ಯಾಂಪುಗಳು ಒತ್ತೊತ್ತಾಗಿ ಇರುವುದರಿಂದ ನಿಮ್ಮ ಕ್ಯಾಂಪ್ ಸುಮ್ಮನಿದ್ದರೂ ಪಕ್ಕದ್ದು ಸುಮ್ಮನಿರುವುದಿಲ್ಲ. ಒಂಟೆ ಸವಾರಿ ಇಲ್ಲಿ ಚಿಕ್ಕದೇ. ಜೀಪ್ ಸಫಾರಿ ಹತ್ತಿ ಅಂತ ಬೆನ್ನು ಬೀಳುವವರೂ ಇರುತ್ತಾರೆ.

ಖುರಿ ಒಂದು ಹಳ್ಳಿ. ಮಣ್ಣಿನ ಗೋಡೆ, ಹುಲ್ಲಿನ ಸೂರು, ಸಗಣಿ ಸಾರಿಸಿದ ಅಂಗಳ. ನಮ್ಮ ಹಳೆಯ ಮನೆಗಳನ್ನು ಕಂಡವರಿಗೆ ಅಂಗಳಕ್ಕೆ ಕಾಲಿಟ್ಟ ಕೂಡಲೇ ಹತ್ತಿರದವರ ಮನೆ ಅನ್ನಿಸುತ್ತದೆ. ಮನೆಯವರೇ ಇಟ್ಟುಕೊಂಡ ಸಣ್ಣ ತಂಗುಮನೆಗಳು ಜಾಸ್ತಿ. ಮಧ್ಯಾಹ್ನ ನಾಲ್ಕಕ್ಕೆ ಹೊರಟರೆ ಎರಡು ಗಂಟೆ ಒಂಟೆ ಮೇಲೆ. ದಿಬ್ಬದ ಮರೆಯಲ್ಲಿ ಸೌದೆ ಹಚ್ಚಿ ಸಜ್ಜೆ ರೊಟ್ಟಿ, ಬೇಳೆ ಮಾಡಿ ಕೊಡುತ್ತಾರೆ. ಹಗ್ಗದ ಮಂಚ, ದಪ್ಪ ರಜಾಯಿ, ಮೇಲೆ ಆಕಾಶ. ಬಚ್ಚಲು ಇರುವುದಿಲ್ಲ, ಬಯಲೇ ಗತಿ. ಇದನ್ನು ಮನೆಯ ಹೆಂಗಸರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಬಯಲು ಬೇಡ ಅನ್ನಿಸಿದರೆ ಸಂಜೆ ಸವಾರಿ ಮುಗಿಸಿ ಗುಡಿಸಲಿಗೇ ವಾಪಸ್ ಬಂದು ಮಲಗುವ ಏರ್ಪಾಡೂ ಮಾಡುತ್ತಾರೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿ 7–8 ಡಿಗ್ರಿಗೆ ಇಳಿಯುತ್ತದೆ, ಬೆಳಗಿನ ಜಾವ ರಜಾಯಿ ಮೇಲೆ ಇಬ್ಬನಿ ಕೂತಿರುತ್ತದೆ. ನಮ್ಮ ಚಳಿ ತೇವದ ಚಳಿ. ಇದು ಒಣ ಚಳಿ, ತುಟಿ ಒಡೆಯುತ್ತದೆ. ಒಂದು ಕಂಬಳಿ, ಒಂದು ಸಣ್ಣ ಬಾಟಲಿ ಕೊಬ್ಬರಿ ಎಣ್ಣೆ ಇಟ್ಟುಕೊಳ್ಳಿ.

ಖುರಿಯಲ್ಲಿ ಆ ರಾತ್ರಿ ನಾನು ಎಚ್ಚರವಾದಾಗ ಕೇಳಿಸಿದ್ದು ಒಂಟೆ ಮೆಲುಕು ಹಾಕುವ ಸದ್ದು ಒಂದೇ. ಅದೂ ನಿಂತಾಗ ನನ್ನ ಕಿವಿಯೊಳಗಿನ ರಕ್ತದ ಸದ್ದು ನನಗೇ ಕೇಳಿಸಿತು. ಜೀವನದಲ್ಲಿ ಮೊದಲ ಸಲ. ಮಲೆನಾಡಿನವರು ಒಂದು ಸಲವಾದರೂ ಇದನ್ನು ಅನುಭವಿಸಲಿ ಅಂತ ನನಗೆ ನಿಜವಾಗಿಯೂ ಆಸೆ ಇದೆ.

ಖರ್ಚಿನಲ್ಲಿ ಖುರಿಯೇ ಕಡಿಮೆ. ಸಮ್‌ನ ಸಾಧಾರಣ ಕ್ಯಾಂಪಿಗೆ ಒಬ್ಬರಿಗೆ ಎರಡು–ಮೂರು ಸಾವಿರ, ಒಳ್ಳೆಯದಕ್ಕೆ ಐದಾರು ಸಾವಿರ ಮತ್ತು ಮೇಲೆ. ಖುರಿಯಲ್ಲಿ ಊಟ, ಒಂಟೆ ಸೇರಿ ಎರಡು ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ಆದರೆ ಅಲ್ಲಿಗೆ ಬಸ್ಸು ಅಪರೂಪ, ಟ್ಯಾಕ್ಸಿ ಖರ್ಚು ಸೇರಿಸಿ ನೋಡಿ.

ಪ್ರಯಾಣದ ಲೆಕ್ಕ ಹೀಗೆ. ದಾವಣಗೆರೆ, ಹುಬ್ಬಳ್ಳಿ ದಾರಿಯಾಗಿ ಜೋಧಪುರಕ್ಕೆ ನೇರ ರೈಲಿದೆ, ರೈಲಿನಲ್ಲೇ ಹೆಚ್ಚುಕಡಿಮೆ ಎರಡು ದಿನ. ಅಲ್ಲಿಂದ ಜೈಸಲ್ಮೇರಿಗೆ ಮತ್ತೆ ಐದಾರು ಗಂಟೆ. ರೈಲಿನಲ್ಲಿ ಹೋಗಿ ಬಂದರೆ ಎಂಟೊಂಬತ್ತು ದಿನ ಎತ್ತಿಡಬೇಕು. ಬೆಂಗಳೂರಿನಿಂದ ವಿಮಾನ ಹತ್ತಿದರೆ ಆರು ದಿನಕ್ಕೆ ಆಗುತ್ತದೆ. ಇಷ್ಟು ದೂರ ಹೋದ ಮೇಲೆ ಜೈಸಲ್ಮೇರ್ ಕೋಟೆಗೆ ಒಂದು ದಿನ ಪೂರ್ತಿ ಇಡಿ. 1156ರಲ್ಲಿ ಕಟ್ಟಿದ್ದು, ಒಳಗೆ ಇವತ್ತಿಗೂ ಜನ ಮನೆ ಮಾಡಿಕೊಂಡಿದ್ದಾರೆ.

ದಿನ ಕಡಿಮೆ ಇದ್ದರೆ ಓಸಿಯಾಂ

ಜೋಧಪುರದಿಂದ ಓಸಿಯಾಂ 65 ಕಿಲೋಮೀಟರಿನಷ್ಟು. ಒಂದೂವರೆ ಗಂಟೆ. ಜೈಸಲ್ಮೇರಿನವರೆಗೆ ಹೋಗಿ ಬರುವ ಹತ್ತು–ಹನ್ನೆರಡು ಗಂಟೆ ಉಳಿಯುತ್ತದೆ. ದಿಬ್ಬಗಳು ಚಿಕ್ಕವು, ಗಿಡಗಂಟಿ ಜಾಸ್ತಿ. ಫೋಟೊದಲ್ಲಿ ಸಮ್‌ನಷ್ಟು ಭರ್ಜರಿಯಾಗಿ ಬರುವುದಿಲ್ಲ. ಆದರೆ ಇಲ್ಲಿ ಸಚ್ಚಿಯಾ ಮಾತೆಯ ದೇವಸ್ಥಾನ ಇದೆ, ಮಹಾವೀರನ ಬಸದಿ ಇದೆ, 8ನೇ ಶತಮಾನದಿಂದ ಕಟ್ಟುತ್ತಾ ಬಂದ ಗುಡಿಗಳ ಗುಂಪೇ ಇದೆ. ಇಕ್ಕೇರಿ, ಹುಂಚ, ಬಳ್ಳಿಗಾವಿಯ ಕಲ್ಲಿನ ಕೆಲಸ ನೋಡಿ ಬೆಳೆದ ಕಣ್ಣಿಗೆ ಇಲ್ಲಿ ಒಂದು ಮಧ್ಯಾಹ್ನ ಹೋಗಿದ್ದೇ ಗೊತ್ತಾಗುವುದಿಲ್ಲ. ಕ್ಯಾಂಪುಗಳು ಸಮ್‌ನ ಹಾಗೆ ಸಾಲಾಗಿ ಇಲ್ಲ, ರಾತ್ರಿ ಶಾಂತವಾಗಿಯೇ ಇರುತ್ತದೆ. ವಿಮಾನದಲ್ಲಾದರೆ ಐದು ದಿನದಲ್ಲಿ ಶಿವಮೊಗ್ಗದಿಂದ ಹೋಗಿ ಮನೆ ಸೇರಬಹುದು. ತೋಟ ಬಿಟ್ಟು ಜಾಸ್ತಿ ದಿನ ಇರಲಾಗದವರಿಗೆ ನಾನು ಇದನ್ನೇ ಹೇಳುವುದು.

ಬಿಕಾನೇರ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಒಂಟೆ ಅನ್ನುವ ಪ್ರಾಣಿಯ ಮೇಲೇ ಕುತೂಹಲ ಇರುವವರಿಗೆ ಅದು ಸರಿ. ಅಲ್ಲಿ 1984ರಿಂದ ಒಂಟೆಗಳ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇದೆ, ಬೇರೆ ಬೇರೆ ತಳಿ ನೋಡಬಹುದು, ಒಂಟೆ ಹಾಲಿನ ಐಸ್‌ಕ್ರೀಮ್ ತಿನ್ನಬಹುದು. ಪುಷ್ಕರದಲ್ಲಿ ಕಾರ್ತಿಕ ಮಾಸದ ಜಾತ್ರೆ ಅದ್ಭುತ, ಆದರೆ ಮರುಭೂಮಿಯ ರಾತ್ರಿಗಾಗಿ ಅಲ್ಲಿಗೆ ಹೋಗಬೇಡಿ.

ಬಿಳಿ ಮರುಭೂಮಿ

ಕಛ್‌ನ ರಣ್ ಮರಳಲ್ಲ, ಉಪ್ಪು. ಮಳೆಗಾಲದಲ್ಲಿ ನೀರು ನಿಂತು, ಚಳಿಗಾಲಕ್ಕೆ ಒಣಗಿ, ನೆಲವೆಲ್ಲ ಬೆಳ್ಳಗಾಗುತ್ತದೆ. ಭುಜ್‌ನಿಂದ ಸುಮಾರು 85 ಕಿಲೋಮೀಟರ್ ದೂರದ ಧೋರ್ಡೊ ಹಳ್ಳಿಯ ಹತ್ತಿರ ಚಳಿಗಾಲ ಪೂರ್ತಿ ರಣ್ ಉತ್ಸವ ನಡೆಯುತ್ತದೆ, ಟೆಂಟುಗಳ ಊರೇ ಎದ್ದು ನಿಲ್ಲುತ್ತದೆ. ರಣ್ ಒಳಗೆ ಹೋಗಲು ಅನುಮತಿ ಚೀಟಿ ಬೇಕು, ಗುರುತಿನ ಚೀಟಿ ಮರೆಯಬೇಡಿ.

ಒಂಟೆ ಹತ್ತಿ ದೂರ ಹೋಗಬೇಕು ಅನ್ನುವವರಿಗೆ ಇಲ್ಲಿ ನಿರಾಸೆ. ಸವಾರಿ ಚಿಕ್ಕದು. ಆದರೆ ಒಂಟೆ ಗಾಡಿ ಇದೆ. ಮೊಣಕಾಲು ನೋವಿನವರು, ಪುಟ್ಟ ಮಕ್ಕಳು, ಅಜ್ಜಿ ಎಲ್ಲ ಒಟ್ಟಿಗೆ ಕೂತು ಹೋಗಬಹುದು. ನೆಲ ಸಮತಟ್ಟು, ಹತ್ತುವುದು ಇಳಿಯುವುದು ಇಲ್ಲ. ಗುಜರಾತಿನಲ್ಲಿ ಮದ್ಯ ನಿಷೇಧ ಇರುವುದರಿಂದ ಕುಡಿದು ಕೂಗಾಡುವ ಗಲಾಟೆಯೂ ಕಡಿಮೆ. ಮನೆಮಂದಿ ಜತೆ ಹೋಗುವವರಿಗೆ ಇದು ಸಣ್ಣ ಅನುಕೂಲ ಅಲ್ಲ. ಸಸ್ಯಾಹಾರ ಎಲ್ಲ ಕಡೆ ಸಿಗುತ್ತದೆ, ಅನ್ನ ಕಿಚಡಿಯೂ ಸಿಗುತ್ತದೆ. ಥಾರ್ ಕಡೆ ಅನ್ನಕ್ಕೆ ಸ್ವಲ್ಪ ತಾಪತ್ರಯವೇ.

ಟೆಂಟ್ ಸಿಟಿಯ ದರ ಜಾಸ್ತಿ, ಹುಣ್ಣಿಮೆಗಂತೂ ಇನ್ನೂ ಜಾಸ್ತಿ. ಸುತ್ತಲಿನ ಹಳ್ಳಿಗಳಲ್ಲಿ ಭುಂಗಾ ಅನ್ನುವ ದುಂಡನೆಯ ಮಣ್ಣಿನ ಮನೆಗಳಲ್ಲಿ ಉಳಿಯಬಹುದು. ಅದು ಅಗ್ಗ, ನನಗೆ ಕೇಳಿದರೆ ಚೆಂದವೂ ಹೌದು. ಕಛ್‌ನ ಕರಾವಳಿಯಲ್ಲಿ ಖಾರಾಯಿ ಅನ್ನುವ ಒಂಟೆ ತಳಿ ಇದೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ ತಿನ್ನಲು ಸಮುದ್ರದಲ್ಲಿ ಈಜಿ ಹೋಗುತ್ತದೆ. ಆದರೆ ಅದನ್ನು ನೋಡಲು ಬೇರೆಯದೇ ಒಂದು ದಿನ ಬೇಕು.

ಅಹಮದಾಬಾದ್‌ವರೆಗೆ ವಿಮಾನ ಅಥವಾ ರೈಲು, ಅಲ್ಲಿಂದ ಭುಜ್‌ಗೆ 2024ರಲ್ಲಿ ಶುರುವಾದ ನಮೋ ಭಾರತ್ ರೈಲಿನಲ್ಲಿ ಆರು ಗಂಟೆಯೊಳಗೆ ತಲುಪಬಹುದು.

ಒಂದು ಮುಖ್ಯ ಮಾತು. ದಿನ ಗೊತ್ತು ಮಾಡುವ ಮೊದಲು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ. ರಣ್‌ಗೆ ಹುಣ್ಣಿಮೆ, ಖುರಿಗೆ ಅಮಾವಾಸ್ಯೆ. ಬೆಳದಿಂಗಳಲ್ಲಿ ಉಪ್ಪು ಹೊಳೆಯುತ್ತದೆ. ಮರಳಿನ ಊರಿನಲ್ಲಿ ಅದೇ ಬೆಳದಿಂಗಳು ನಕ್ಷತ್ರಗಳನ್ನು ನುಂಗಿಬಿಡುತ್ತದೆ.

ದೇಶ ಬಿಟ್ಟು ಹೋಗುವುದಾದರೆ

ದುಬೈಯಲ್ಲಿ ನೆಂಟರಿರುವ ಮನೆ ನಮ್ಮ ಕಡೆ ಎಷ್ಟೋ ಇವೆ. ಮಂಗಳೂರಿನಿಂದ ನೇರ ವಿಮಾನವೂ ಇದೆ. ಮರಳು ಕೆಂಪು, ದಿಬ್ಬಗಳು ದೊಡ್ಡವು, ವ್ಯವಸ್ಥೆ ಅಚ್ಚುಕಟ್ಟು. ಆದರೆ ಅಲ್ಲಿಯ ಸಾಮಾನ್ಯ ಸಫಾರಿ ಅಂದರೆ ಕಾರಿನಲ್ಲಿ ದಿಬ್ಬ ಹಾರಿಸುವುದು. ಒಂಟೆ ಮೇಲೆ ಐದು–ಹತ್ತು ನಿಮಿಷ ಅಷ್ಟೆ, ರಾತ್ರಿ ಒಂಬತ್ತರ ಹೊತ್ತಿಗೆ ವಾಪಸ್. ಉಳಿಯುವ ಪ್ಯಾಕೇಜನ್ನು ಬೇರೆಯಾಗಿಯೇ ಕೇಳಬೇಕು. ನೆಂಟರ ಮನೆಗೆ ಹೋದವರು ಜತೆಗೆ ಇದನ್ನೂ ಮಾಡಲಿ, ಇದಕ್ಕಾಗಿಯೇ ಹೋಗುವುದು ಬೇಡ.

ಮೊರಾಕ್ಕೊ ಕೇಳಿದ್ದು ಸಾಗರದ ಹುಡುಗ. ದೊಡ್ಡ ಸಹಾರಾ ದಿಬ್ಬ ನೋಡಲು ಹೆಚ್ಚಿನವರು ಹೋಗುವುದು ಮೆರ್ಜೂಗಾಕ್ಕೆ, ಅದು ಮರ್ರಾಕೆಶ್‌ನಿಂದ ಸುಮಾರು 560 ಕಿಲೋಮೀಟರ್. ಹಾಗಾಗಿ ಮೂರು ದಿನದ ಪ್ಯಾಕೇಜ್ ಬೇಕು. ‘ಎರಡು ದಿನ, ಒಂದು ರಾತ್ರಿ’ ಅಂತ ಮಾರುವವು ಹೆಚ್ಚಾಗಿ ಝಗೋರಾಕ್ಕೆ ಹೋಗುತ್ತವೆ. ಅದೂ 360 ಕಿಲೋಮೀಟರ್, ಅಟ್ಲಾಸ್ ಬೆಟ್ಟದ ಘಟ್ಟ ಹತ್ತಿಳಿದು ಒಂದು ಕಡೆಗೇ ಏಳು ಗಂಟೆ. ಅಷ್ಟು ಕೂತು ಹೋದವರಿಗೆ ಸಿಗುವುದು ಚಿಕ್ಕ ದಿಬ್ಬ, ಗಂಟೆಯಷ್ಟು ಒಂಟೆ. ಮರ್ರಾಕೆಶ್‌ಗೆ ಹತ್ತಿರದ ಅಗಾಫೆ ಇನ್ನೂ ಸುಲಭ, ಆದರೆ ಅಲ್ಲಿರುವುದು ಕಲ್ಲುನೆಲ, ಮರಳಲ್ಲ. ಮೂರು ದಿನ ಕೊಡಲಾಗದಿದ್ದರೆ ಮೊರಾಕ್ಕೊದ ಮರುಭೂಮಿಯನ್ನು ಬಿಟ್ಟುಬಿಡಿ ಅಂತ ಹೇಳಿದೆ.

ಒಂಟೆಯ ಬಗ್ಗೆ

ಸಕ್ರೆಬೈಲಿನಲ್ಲಿ ಆನೆ ನೋಡಿ ಬೆಳೆದವರಿಗೆ ಮಾವುತನಿಗೂ ಆನೆಗೂ ನಂಟು ಹೇಗಿದೆ ಅಂತ ನೋಡಿದರೆ ಗೊತ್ತಾಗುತ್ತದೆ. ಇಲ್ಲೂ ಹಾಗೇ ನೋಡಿ. ಒಂಟೆಯ ಮೂಗಿನ ಹತ್ತಿರ, ತಡಿ ಕೆಳಗೆ ಹುಣ್ಣು ಇದೆಯಾ? ಎಳೆದಾಗ ನೋವಿನಿಂದ ಕಿರುಚುತ್ತದೆಯಾ? ಹಾಗಿದ್ದರೆ ಬೇರೆ ಒಂಟೆ ಕೇಳಿ, ಕೊಡದಿದ್ದರೆ ಹತ್ತಬೇಡಿ. ಒಂದು ಒಂಟೆಗೆ ಇಬ್ಬರು ದೊಡ್ಡವರು ಕೂರುವ ಬದಲು ಇನ್ನೂ ಸ್ವಲ್ಪ ದುಡ್ಡು ಕೊಟ್ಟು ಒಬ್ಬೊಬ್ಬರೇ ಕೂರಿ. ದೇಶದಲ್ಲಿ ಒಂಟೆಗಳು ಬೇಗ ಬೇಗ ಕಡಿಮೆಯಾಗುತ್ತಿವೆ. 2012ರ ಗಣತಿಯಲ್ಲಿ ನಾಲ್ಕು ಲಕ್ಷ ಇದ್ದವು, 2019ರಲ್ಲಿ ಎರಡೂವರೆ ಲಕ್ಷ. ರಾಜಸ್ಥಾನ 2014ರಲ್ಲಿ ಅದನ್ನು ರಾಜ್ಯ ಪ್ರಾಣಿ ಅಂತ ಘೋಷಿಸಿದ ಮೇಲೂ ಇಳಿತ ನಿಂತಿಲ್ಲ. ಒಂಟೆಯನ್ನು ಚೆನ್ನಾಗಿ ಸಾಕುವ ಮನೆಗೆ ನಿಮ್ಮ ದುಡ್ಡು ಹೋಗಲಿ.

ಹತ್ತುವಾಗ ಒಂದು ಎಚ್ಚರ. ಒಂಟೆ ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ, ನೀವು ಮುಂದಕ್ಕೆ ವಾಲುತ್ತೀರಿ. ಆಗ ಹಿಂದಕ್ಕೆ ಒರಗಿ, ತಡಿಯ ಹಿಡಿ ಬಿಗಿಯಾಗಿ ಹಿಡಿಯಿರಿ. ಕೂರುವಾಗ ಮುಂಗಾಲು ಮೊದಲು ಮಡಚುತ್ತದೆ, ಆಗಲೂ ಹಿಂದಕ್ಕೇ ಒರಗಬೇಕು. ಒಂದೇ ಪಕ್ಕದ ಎರಡೂ ಕಾಲನ್ನು ಒಟ್ಟಿಗೆ ಇಡುವ ಪ್ರಾಣಿ ಅದು, ಹಾಗಾಗಿ ದೋಣಿಯಂತೆ ತೂಗುತ್ತದೆ. ಸೊಂಟ ಸಡಿಲ ಬಿಟ್ಟರೆ ಸರಿಹೋಗುತ್ತದೆ. ಸೀರೆ, ಪಂಚೆ ಬೇಡ. ಸಡಿಲವಾದ ಪ್ಯಾಂಟ್ ಅಥವಾ ಚೂಡಿದಾರ್ ಹಾಕಿ.

ಬುಕ್ ಮಾಡುವಾಗ

ಫೋನಿನಲ್ಲಿ ಇಷ್ಟು ಕೇಳಿ, ಉತ್ತರವನ್ನು ವಾಟ್ಸ್ಆ್ಯಪಿನಲ್ಲಿ ಬರೆಸಿಕೊಳ್ಳಿ. ಒಂಟೆ ಮೇಲೆ ಎಷ್ಟು ನಿಮಿಷ? ಒಬ್ಬರಿಗೊಂದಾ, ಇಬ್ಬರಿಗೊಂದಾ? ಸ್ಪೀಕರ್ ಎಷ್ಟು ಗಂಟೆಗೆ ನಿಲ್ಲುತ್ತದೆ? ಪಕ್ಕದ ಕ್ಯಾಂಪ್ ಎಷ್ಟು ದೂರ? ಬಚ್ಚಲು ಎಲ್ಲಿ? ಕರೆದುಕೊಂಡು ಹೋಗಿ ಬಿಡುವುದು ದರದಲ್ಲಿ ಸೇರಿದೆಯಾ? ಸ್ಪೀಕರ್ ಪ್ರಶ್ನೆಗೆ ಉತ್ತರ ಜಾರಿಸಿದರೆ ಆ ಕ್ಯಾಂಪನ್ನು ಬಿಡಿ. ಜೈಸಲ್ಮೇರ್ ಸ್ಟೇಷನ್ನಿನಲ್ಲಿ ತೀರಾ ಅಗ್ಗದ ರೂಮು ಕೊಡುತ್ತೇವೆ ಅಂತ ಬರುವವರಿದ್ದಾರೆ. ರೂಮು ಅಗ್ಗವೇ, ಆದರೆ ಸಫಾರಿಯನ್ನು ಅವರಲ್ಲೇ ತೆಗೆದುಕೊಳ್ಳಬೇಕು ಅಂತ ಆಮೇಲೆ ಒತ್ತಾಯ ಶುರುವಾಗುತ್ತದೆ. ಪೂರ್ತಿ ದುಡ್ಡನ್ನು ಮುಂಚೆಯೇ ಕೊಡಬೇಡಿ. ರೈಲು ಟಿಕೆಟ್ ಈಗ 60 ದಿನ ಮೊದಲು ತೆರೆಯುತ್ತದೆ, ಆ ದಿನ ಬೆಳಿಗ್ಗೆಯೇ ಮಾಡಿಬಿಡಿ.

ಮೇಷ್ಟ್ರು ಮತ್ತು ಅವರ ಮನೆಯವರು ಕಛ್‌ಗೆ ಹೊರಟಿದ್ದಾರೆ. ಹುಣ್ಣಿಮೆಯ ಮರುದಿನಕ್ಕೆ ಭುಂಗಾ ಹಿಡಿದಿದ್ದಾರೆ, ದರ ಸ್ವಲ್ಪ ಇಳಿದಿತ್ತು, ಚಂದ್ರ ಹೆಚ್ಚುಕಡಿಮೆ ಪೂರ್ತಿಯೇ ಇರುತ್ತಾನೆ. ಸಾಗರದ ಹುಡುಗ ಮೊರಾಕ್ಕೊ ಬಿಟ್ಟು ಖುರಿಗೆ ಒಪ್ಪಿದ, ಅವನ ಹೆಂಡತಿಗೇ ಬಯಲಿನಲ್ಲಿ ಮಲಗುವ ಆಸೆಯಂತೆ. ತೀರ್ಥಹಳ್ಳಿಯವರು ಓಸಿಯಾಂ ಅಂತ ನಿರ್ಧರಿಸಿ ಫೆಬ್ರುವರಿ ಎರಡನೇ ವಾರದ ವಿಮಾನ ನೋಡುತ್ತಿದ್ದಾರೆ. ಅಷ್ಟರಲ್ಲಿ ಅಡಿಕೆ ಒಣಗಿ ಅಟ್ಟ ಸೇರಿರುತ್ತದೆ, ಆ ಐದು ದಿನ ದನ ನೋಡಿಕೊಳ್ಳಲು ಅವರ ಭಾವ ಬರುತ್ತಾರಂತೆ.